ಹಲ್ಲಿನ ತುರ್ತುಸ್ಥಿತಿಗಳು: ನಿರ್ವಹಣೆ ಮತ್ತು ತಡೆ

ಪೆಟ್ಟು ಬಿದ್ದು ಹಲ್ಲು ಮುರಿಯುವುದು, ಅಲುಗಾಡುವುದು ಅಥವಾ ಬೇರುಸಹಿತ ಕಿತ್ತುಬರುವುದು. ಹುಳುಕು ಒಳಗಿನ ತಿರುಳಿಗೆ ಇಳಿದು ರಾತ್ರಿಯಿಡೀ ನಿದ್ದೆಗೆಡಿಸುವ ನೋವು ಬರುವುದು. ಆ ಸೋಂಕು ಕೀವಾಗಿ ಕೆನ್ನೆ, ಗದ್ದ, ಕತ್ತಿನವರೆಗೂ ಬಾವು ಹಬ್ಬುವುದು. ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದಿರುವುದು. ಹಲ್ಲಿನ ತುರ್ತುಸ್ಥಿತಿ ಎಂದು ವೈದ್ಯಶಾಸ್ತ್ರ ಮುಖ್ಯವಾಗಿ ಗುರುತಿಸುವುದು ಇವನ್ನು. ಇದೆಲ್ಲ ದಂತವೈದ್ಯರ ಪಾಲಿನ ಕೆಲಸ, ನಮ್ಮ ಪಾಲಿಗೆ ಉಳಿದಿರುವುದು ಅವರ ಬಳಿಗೆ ಹೋಗುವುದಷ್ಟೇ ಎಂಬ ನಂಬಿಕೆ ಸಾಮಾನ್ಯ. ಕಳೆದ ಆರು ದಶಕಗಳ ಅಧ್ಯಯನಗಳು ಈ ನಂಬಿಕೆಯನ್ನು ಬೆಂಬಲಿಸುವುದಿಲ್ಲ. ಹಲ್ಲು ಉಳಿಯುತ್ತದೆಯೇ, ಕೆಲವೊಮ್ಮೆ ರೋಗಿಯ ಜೀವವೇ ಉಳಿಯುತ್ತದೆಯೇ ಎಂಬುದು ಬಹುಪಾಲು ಚಿಕಿತ್ಸಾಲಯದ ಬಾಗಿಲು ದಾಟುವ ಮೊದಲೇ ತೀರ್ಮಾನವಾಗಿರುತ್ತದೆ. ಪೆಟ್ಟಿನ ವಿಷಯದಲ್ಲಿ ಆ ತೀರ್ಮಾನಕ್ಕೆ ಸಿಗುವುದು ನಿಮಿಷಗಳು, ಬಾವಿನ ವಿಷಯದಲ್ಲಿ ಗಂಟೆಗಳು, ಹುಳುಕಿನ ವಿಷಯದಲ್ಲಿ ವರ್ಷಗಳು. ಆದ್ದರಿಂದ ಈ ವಿಷಯದ ತಿಳಿವಳಿಕೆ ವೈದ್ಯರಿಗೆ ಎಷ್ಟು ಬೇಕೋ ದೈಹಿಕ ಶಿಕ್ಷಕರಿಗೆ, ತಾಯಿತಂದೆಯರಿಗೆ, ಔಷಧದಂಗಡಿಯವರಿಗೆ, ರಾತ್ರಿಪಾಳಿಯ ನರ್ಸಿಗೆ ಅಷ್ಟೇ ಬೇಕು.

ಸಮಸ್ಯೆ ಸಣ್ಣದೇನಲ್ಲ. ಹಲ್ಲಿಗೆ ಪೆಟ್ಟು ಮಾಡಿಕೊಂಡವರ ಸಂಖ್ಯೆ ಜಗತ್ತಿನಲ್ಲಿ ನೂರು ಕೋಟಿಗೂ ಮೀರಿದೆ ಎಂದು 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಅಂದಾಜಿಸಿತು. ರೋಗಗಳ ಜಾಗತಿಕ ಪಟ್ಟಿಯಲ್ಲಿ ಹಲ್ಲಿನ ಗಾಯವನ್ನೂ ಸೇರಿಸಿದ್ದರೆ ಅದು ಐದನೆಯ ಸ್ಥಾನದಲ್ಲಿ ನಿಲ್ಲುತ್ತಿತ್ತು ಎಂಬುದು ಆ ಸಂಶೋಧಕರ ಮಾತು. ಹುಳುಕಿನ ಲೆಕ್ಕ ಇದಕ್ಕೂ ದೊಡ್ಡದು: ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಸುಮಾರು 200 ಕೋಟಿ ಜನರ ಕಾಯಂ ಹಲ್ಲುಗಳಲ್ಲಿ ಚಿಕಿತ್ಸೆ ಕಾಣದ ಹುಳುಕಿದೆ. ಪೆಟ್ಟು ಆಕಸ್ಮಿಕ, ಹುಳುಕು ನಿಧಾನದ್ದು. ಆದರೂ ಎರಡೂ ಒಂದೇ ರೀತಿಯಲ್ಲಿ ಕೈತಪ್ಪುತ್ತವೆ. ಮೊದಲ ಹೊತ್ತಿನಲ್ಲಿ ಹತ್ತಿರ ಇದ್ದವರಿಗೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ, ಇಲ್ಲವೇ ಗೊತ್ತಿದೆ ಎಂದುಕೊಂಡು ತಪ್ಪನ್ನೇ ಮಾಡುತ್ತಾರೆ.

ನಿಮಿಷಗಳ ಮಹತ್ವ ಅರ್ಥವಾಗಬೇಕಾದರೆ ಹಲ್ಲು ದವಡೆಯಲ್ಲಿ ಹೇಗೆ ನಿಂತಿದೆ ಎಂದು ನೋಡಬೇಕು. ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ಒಂದು ನಾರುಪದರ ಇದೆ. ಪೆರಿಯೊಡಾಂಟಲ್ ಲಿಗಮೆಂಟ್ ಎಂದು ಅದರ ಹೆಸರು. ಅಗಿಯುವಾಗಿನ ಒತ್ತಡವನ್ನು ತಾಳಿಕೊಳ್ಳುವುದು, ಬೇರಿನ ಹೊರಮೈಯನ್ನು ಮೂಳೆಯ ಜೀವಕೋಶಗಳಿಂದ ಕಾಯುವುದು ಇದೇ ಪದರ. ಹಲ್ಲು ಕಿತ್ತುಬಂದಾಗ ಇದು ನಡುವೆ ಹರಿದು ಒಂದಿಷ್ಟು ಕುಳಿಯಲ್ಲಿ, ಒಂದಿಷ್ಟು ಬೇರಿನ ಮೈಮೇಲೆ ಉಳಿಯುತ್ತದೆ. ಬೇರಿನ ಮೇಲಿನ ಜೀವಕೋಶಗಳು ಬದುಕಿದ್ದರೆ, ಮರಳಿ ಕೂರಿಸಿದ ಹಲ್ಲು ಒಂದೆರಡು ವಾರಗಳಲ್ಲೇ ಹಿಡಿದುಕೊಳ್ಳುತ್ತದೆ. ಅವು ಒಣಗಿ ಸತ್ತಿದ್ದರೆ ಬೇರು ಮೂಳೆಗೇ ಬೆಸೆದುಕೊಳ್ಳುತ್ತದೆ. ದೇಹ ತನ್ನ ಮೂಳೆಯನ್ನು ಸದಾ ಕರಗಿಸಿ ಹೊಸದಾಗಿ ಕಟ್ಟುವಂತೆ ಆ ಬೇರನ್ನೂ ಕರಗಿಸುತ್ತ, ಅದರ ಜಾಗದಲ್ಲಿ ಮೂಳೆ ಕಟ್ಟುತ್ತ ಹೋಗುತ್ತದೆ. ಕೆಲವು ವರ್ಷಗಳ ನಂತರ ಹಲ್ಲಿನ ಮೇಲ್ಭಾಗ ತಾನಾಗಿ ಮುರಿದು ಬೀಳುತ್ತದೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ: ನೋಡಿದವರ ಕಣ್ಣಿಗೆ ಕಾಣುವುದು ಬಿಳಿಯ ಗಟ್ಟಿ ಹಲ್ಲು, ಆದರೆ ಕಾಪಾಡಬೇಕಾದದ್ದು ಅದರ ಬೇರಿಗೆ ಅಂಟಿರುವ, ಕಣ್ಣಿಗೆ ಕಂಡೂ ಕಾಣದ ಆ ತೆಳುಪದರ. ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಡುವವರು, ಸೋಪು ಹಾಕಿ ಉಜ್ಜಿ ತೊಳೆಯುವವರು ಒಳ್ಳೆಯ ಉದ್ದೇಶದಿಂದಲೇ ಅದನ್ನು ಕೊಲ್ಲುತ್ತಾರೆ.

ನಿಮಿಷಗಳ ಈ ಲೆಕ್ಕಕ್ಕೆ ಗಟ್ಟಿ ಆಧಾರ ಒದಗಿಸಿದವರು ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ದಂತವೈದ್ಯ ಯೆನ್ಸ್ ಓವೆ ಆಂಡ್ರಿಯಾಸೆನ್. ಅಪಘಾತದಲ್ಲಿ ಕಿತ್ತುಬಂದು ಮರಳಿ ಕೂರಿಸಲಾದ 110 ಹಲ್ಲುಗಳನ್ನು ಅವರು ಮತ್ತು ಅವರ ಸಹೋದ್ಯೋಗಿ ಪರಿಶೀಲಿಸಿ 1966ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ಶಾಖೆಯ ತಳಹದಿ. 30 ನಿಮಿಷದೊಳಗೆ ಮರಳಿ ಕೂರಿಸಿದ ಹಲ್ಲುಗಳಲ್ಲಿ ಶೇ. 90ರಷ್ಟರಲ್ಲಿ ಬೇರು ಕರಗಿದ ಗುರುತೇ ಇರಲಿಲ್ಲ. ಎರಡು ಗಂಟೆ ಮೀರಿದವುಗಳಲ್ಲಿ ಶೇ. 95ರಷ್ಟರಲ್ಲಿ ಬೇರು ಕರಗತೊಡಗಿತ್ತು. ಒಂದೇ ಬಗೆಯ ಗಾಯದ ಫಲ ಹೀಗೆ ತಲೆಕೆಳಗಾಗಲು ಮುಖ್ಯ ಕಾರಣ ನಡುವೆ ಕಳೆದ ಹೊತ್ತು. ಆಮೇಲೆ ಬಂದ ಪ್ರಯೋಗಗಳು ಒಂದು ತಿದ್ದುಪಡಿ ಸೇರಿಸಿದವು. ಬೇರು ಒಣಗಿದ ಹೊತ್ತೇ ನಿಜವಾದ ಲೆಕ್ಕ; ಹಲ್ಲು ತೇವವಾಗಿ, ಸರಿಯಾದ ದ್ರವದಲ್ಲಿದ್ದರೆ ಕಾಲ ಸ್ವಲ್ಪ ಲಂಬಿಸುತ್ತದೆ. ದಂತಗಾಯಗಳ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಒಣಗಿದ 60 ನಿಮಿಷವನ್ನು ಗಡಿಯಾಗಿ ಇಟ್ಟುಕೊಂಡಿದೆ. ಅದಕ್ಕಿಂತ ಹೆಚ್ಚು ಒಣಗಿದ ಬೇರಿನ ಮೇಲೆ ಜೀವಕೋಶಗಳು ಉಳಿದಿರುವ ಸಂಭವ ಇಲ್ಲವೆಂದೇ ಅದು ಪರಿಗಣಿಸುತ್ತದೆ.

ಹಾಗಾದರೆ ಆಟದ ಮೈದಾನದಲ್ಲಿ ಮಗುವೊಂದರ ಹಲ್ಲು ಕಿತ್ತುಬಂದಾಗ ಏನು ಮಾಡಬೇಕು? ಮೊದಲು ನೋಡಬೇಕಾದದ್ದು ಹಲ್ಲನ್ನಲ್ಲ, ಮಗುವನ್ನು. ಪ್ರಜ್ಞೆ ತಪ್ಪಿದೆಯೇ, ವಾಂತಿಯಾಗಿದೆಯೇ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದೆಯೇ? ಹೌದಾದರೆ ಅದು ತಲೆಯ ಗಾಯ, ಹಲ್ಲು ಕಾಯಬಹುದು. ಇವೇನೂ ಇಲ್ಲವೆಂದಾದರೆ ಹಲ್ಲನ್ನು ಹುಡುಕಿ, ಬಾಯಲ್ಲಿ ಹೊರಗೆ ಕಾಣುವ ಬಿಳಿಯ ಭಾಗವನ್ನಷ್ಟೇ ಹಿಡಿದು ಎತ್ತಬೇಕು. ಹಳದಿ ಛಾಯೆಯ ಬೇರನ್ನು ಮುಟ್ಟಬಾರದು. ಮಣ್ಣು ಮೆತ್ತಿದ್ದರೆ ಹಾಲು, ಸಲೈನ್ ಅಥವಾ ಮಗುವಿನದೇ ಉಗುಳಿನಲ್ಲಿ ಮೆಲ್ಲಗೆ ಆಡಿಸಿ ತೊಳೆಯಬೇಕು; ಏನೂ ಸಿಗದಿದ್ದರೆ ತಣ್ಣೀರಿನ ಸಣ್ಣ ಧಾರೆಯಲ್ಲಿ ಕೆಲವೇ ಸೆಕೆಂಡು. ಬಳಿಕ ಪಕ್ಕದ ಹಲ್ಲಿನ ಸಾಲು ನೋಡಿ, ಹೊಳೆಯುವ ಹೊರಮೈ ತುಟಿಯ ಕಡೆಗೆ ಬರುವಂತೆ ಕುಳಿಯೊಳಗೆ ಮೆಲ್ಲಗೆ ಒತ್ತಿ ಕೂರಿಸಿ, ಮಡಿಸಿದ ಶುಭ್ರ ಬಟ್ಟೆಯನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿಯಲು ಹೇಳಿ ದಂತವೈದ್ಯರ ಬಳಿ ಕರೆದೊಯ್ಯಬೇಕು. ಕೂರಿಸಲು ಧೈರ್ಯ ಬಾರದಿದ್ದರೆ ಹಲ್ಲನ್ನು ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಜೊತೆಗೇ ಒಯ್ಯಬೇಕು.

ವೈದ್ಯರಲ್ಲದವರ ಕೈಗೆ ಇಂಥ ಕೆಲಸ ಕೊಡುವುದೇ ಸರಿಯಲ್ಲ ಎಂಬ ಆಕ್ಷೇಪಣೆ ಇದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಿರುಗುಮುರುಗಾಗಿ ಕೂರಿಸಿದರೆ? ಕೊಳೆಯೂ ಒಳಗೆ ಹೋಗಿ ಸೋಂಕಾದರೆ? ಮಗು ನೋವಿನಿಂದ ಕಿರುಚಿದರೆ? ಸ್ವಲ್ಪ ಓರೆಯಾಗಿ ಕೂತ ಹಲ್ಲನ್ನು ಮೊದಲ ಎರಡು ದಿನಗಳಲ್ಲಿ ದಂತವೈದ್ಯರು ಸರಿಪಡಿಸಬಲ್ಲರು. ಸೋಂಕಿಗೆ ಔಷಧವಿದೆ, ಧನುರ್ವಾಯುವಿಗೆ ಚುಚ್ಚುಮದ್ದಿದೆ. ಗಾಯವಾದ ಮೊದಲ ಕೆಲವು ನಿಮಿಷ ಆ ಜಾಗ ಮರಗಟ್ಟಿದಂತಿರುವುದರಿಂದ ನೋವೂ ಬಹಳ ಇರುವುದಿಲ್ಲ. ಆದರೆ ಸತ್ತ ಲಿಗಮೆಂಟನ್ನು ಬದುಕಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ತಿದ್ದಬಹುದಾದ ತಪ್ಪನ್ನು ತಿದ್ದಲಾಗದ ನಷ್ಟದ ಪಕ್ಕದಲ್ಲಿಟ್ಟು ತೂಗಿದರೆ ಅಪ್ಪಟ ಸಾಮಾನ್ಯನ ಅನಭ್ಯಸ್ತ ಕೈಯೂ ಒಂದು ಗಂಟೆ ತಡವಾದ ತಜ್ಞರ ಕೈಗಿಂತ ಮೇಲು. ಒಂದು ವಿನಾಯಿತಿ ಮಾತ್ರ ಕಟ್ಟುನಿಟ್ಟು: ಹಾಲುಹಲ್ಲನ್ನು ಎಂದಿಗೂ ಮರಳಿ ಕೂರಿಸಬಾರದು. ಅದರ ಹಿಂದೆಯೇ ಮೂಳೆಯೊಳಗೆ ಕಾಯಂ ಹಲ್ಲಿನ ಮೊಳಕೆ ಇರುತ್ತದೆ, ಒತ್ತಿದರೆ ಅದಕ್ಕೆ ಏಟು. ಮುಂದಿನ ಬಾಚಿಹಲ್ಲುಗಳು ಸಾಮಾನ್ಯವಾಗಿ ಆರರಿಂದ ಎಂಟು ವರ್ಷದೊಳಗೆ ಬದಲಾಗುತ್ತವೆ. ಐದು ವರ್ಷದ ಮಗುವಿನದ್ದು ಹಾಲುಹಲ್ಲು, ಹತ್ತು ವರ್ಷದ್ದರದು ಕಾಯಂ ಹಲ್ಲು ಎಂದು ಬಹುತೇಕ ಖಚಿತವಾಗಿ ಹೇಳಬಹುದು. ನಡುವಿನ ವಯಸ್ಸಿನಲ್ಲಿ ಸಂಶಯ ಬಂದರೆ ಕೂರಿಸದೆ ಹಾಲಿನಲ್ಲಿಟ್ಟು ಒಯ್ಯುವುದೇ ಕ್ಷೇಮ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುವ ನಮ್ಮ ಹಳೆಯ ರೂಢಿ ತಾನಾಗಿ ಉದುರಿದ ಹಾಲುಹಲ್ಲಿಗೆ ಚೆನ್ನ. ಪೆಟ್ಟಿನಿಂದ ಕಿತ್ತುಬಂದದ್ದನ್ನು ಮಾತ್ರ, ಅದು ಯಾವ ಹಲ್ಲೇ ಇರಲಿ, ವೈದ್ಯರಿಗೆ ತೋರಿಸುವ ತನಕ ಎಸೆಯಬಾರದು. ಪೂರ್ತಿ ಬಂದಿದೆಯೇ, ತುಂಡಾಗಿ ಒಳಗೆ ಉಳಿದಿದೆಯೇ ಎಂದು ತಿಳಿಯುವುದು ಅದನ್ನು ನೋಡಿದ ಮೇಲೆಯೇ.

ಹಾಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳ ರಸಾಯನಶಾಸ್ತ್ರದಲ್ಲಿದೆ. ಹಾಲಿನಲ್ಲಿ ಕರಗಿರುವ ಲವಣಾದಿಗಳ ಸಾಂದ್ರತೆ ದೇಹದ ದ್ರವಕ್ಕೆ ಹತ್ತಿರ, ಆಮ್ಲೀಯತೆಯೂ ಹೆಚ್ಚುಕಡಿಮೆ ತಟಸ್ಥ. ಹಾಗಾಗಿ ಜೀವಕೋಶಗಳು ಅದರಲ್ಲಿ ಊದಿಕೊಳ್ಳುವುದೂ ಇಲ್ಲ, ಸುಕ್ಕುಗಟ್ಟುವುದೂ ಇಲ್ಲ. ಬರೀ ನೀರಿನಲ್ಲಿಟ್ಟರೆ ಅವು ನೀರು ಹೀರಿ ಒಡೆಯುತ್ತವೆ. ಒಣಗಲು ಬಿಡುವುದಕ್ಕಿಂತ ನೀರು ವಾಸಿ ಎನ್ನಬಹುದು, ಅಷ್ಟೇ. ಪ್ರಯೋಗಾಲಯದ ಹ್ಯಾಂಕ್ಸ್ ದ್ರಾವಣ ಹಾಲಿಗಿಂತ ಉತ್ತಮವಾದರೂ ಶಾಲೆಯ ಪಕ್ಕದ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ನಂದಿನಿ ಪ್ಯಾಕೆಟ್ ಸಿಗುತ್ತದೆ. ಕಾಯಿಸಿದ ಬಿಸಿ ಹಾಲು, ಸಕ್ಕರೆ ಬೆರೆಸಿದ ಹಾಲು, ಮಜ್ಜಿಗೆ, ಮೊಸರು ಬೇಡ. ಎಳನೀರಿನ ಬಗ್ಗೆ ಭಾರತದಲ್ಲಿ 2008ರ ಸುಮಾರಿಗೆ ನಡೆದ ಪ್ರಯೋಗಗಳು ಆಸೆ ಹುಟ್ಟಿಸಿದ್ದವು. ನಮ್ಮ ಕರಾವಳಿಯಲ್ಲಿ, ಮಂಡ್ಯ–ತುಮಕೂರಿನ ರಸ್ತೆಬದಿಯಲ್ಲಿ ಸುಲಭವಾಗಿ ಸಿಗುವ ವಸ್ತುವಾದ್ದರಿಂದ ಆ ಆಸೆ ಸಹಜವೂ ಹೌದು. ಆದರೆ ಎಳನೀರು ಆಮ್ಲೀಯ. ಆ ಕಾರಣಕ್ಕೇ ನಂತರದ ಕೆಲವು ಅಧ್ಯಯನಗಳಲ್ಲಿ ಅದು ಹಾಲಿನ ಸಮಕ್ಕೆ ಬರಲಿಲ್ಲ, ಅಂತರರಾಷ್ಟ್ರೀಯ ಮಾರ್ಗಸೂಚಿಯ ಪಟ್ಟಿಯಲ್ಲೂ ಅದಕ್ಕೆ ಸ್ಥಾನವಿಲ್ಲ. ಹಾಲು ಸಿಗದ ಕಡೆ ಮಗುವಿನದೇ ಉಗುಳನ್ನು ಒಂದು ಲೋಟಕ್ಕೆ ಉಗುಳಿಸಿ ಹಲ್ಲನ್ನು ಅದರಲ್ಲಿಡಬಹುದು.

ಗಂಟೆಗಳೇ ಕಳೆದುಹೋಗಿ, ಬೇರು ಪೂರ್ತಿ ಒಣಗಿದ್ದರೆ ಹಲ್ಲನ್ನು ಬಿಸಾಡುವುದೇ ಎಂದು ಕೇಳಬಹುದು. ಬೇಡ. ಅಂಥ ಹಲ್ಲು ಬಹುಕಾಲ ಬಾಳದಿದ್ದರೂ, ಇರುವಷ್ಟು ದಿನ ದವಡೆಯ ಮೂಳೆಯ ಅಗಲ ಮತ್ತು ಎತ್ತರವನ್ನು ಕಾಪಾಡುತ್ತದೆ. ಬೆಳೆಯುವ ಮಕ್ಕಳಿಗೆ ಇಂಪ್ಲಾಂಟ್ ಹಾಕುವಂತಿಲ್ಲ. ಹಾಕಿದರೆ ಸುತ್ತಲಿನ ದವಡೆ ಬೆಳೆದು ಅದು ಒಳಗೇ ಉಳಿದುಬಿಡುತ್ತದೆ. ಹಾಗಾಗಿ ಹದಿಹರೆಯ ಮುಗಿಯುವವರೆಗೆ ಜಾಗ ಕಾಯ್ದುಕೊಳ್ಳುವುದೇ ದೊಡ್ಡ ಲಾಭ. ಚಿಕಿತ್ಸಾಲಯದಲ್ಲಿ ನಡೆಯುವುದು ಮುಂದಿನ ಕೆಲಸ: ಅಕ್ಕಪಕ್ಕದ ಹಲ್ಲುಗಳಿಗೆ ತೆಳುತಂತಿ ಅಂಟಿಸಿ ಸುಮಾರು ಎರಡು ವಾರ ಕಟ್ಟುವುದು, ಬೇರಿನ ತುದಿ ಪೂರ್ತಿ ಬೆಳೆದಿದ್ದರೆ ಆ ಎರಡು ವಾರದೊಳಗೇ ರೂಟ್ ಕೆನಾಲ್ ಶುರುಮಾಡುವುದು, ಆಂಟಿಬಯಾಟಿಕ್ ಕೊಡುವುದು. ತಂತಿ ಬಿಗಿಯಾಗಿರದೆ ಸ್ವಲ್ಪ ಬಾಗುವಂತಿರಬೇಕು, ಏಕೆಂದರೆ ಅಲ್ಪ ಚಲನೆ ಇದ್ದರೇ ಲಿಗಮೆಂಟ್ ಸರಿಯಾಗಿ ಕೂಡಿಕೊಳ್ಳುತ್ತದೆ. ಇಷ್ಟಾದ ಮೇಲೂ ಕನಿಷ್ಠ ಐದು ವರ್ಷ ಕಾಲಕಾಲಕ್ಕೆ ಎಕ್ಸ್‌-ರೇ ತೆಗೆಸುತ್ತಿರಬೇಕು. ನೋವಿಲ್ಲ ಎಂದು ಹೋಗುವುದನ್ನು ನಿಲ್ಲಿಸುವವರೇ ಹೆಚ್ಚು. ಬೇರು ಕರಗುವುದು ನೋವಿಲ್ಲದೆಯೇ ನಡೆಯುವ ಕ್ರಿಯೆ.

ಉಳಿದ ಗಾಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುರಿದ ತುಂಡು ಸಿಕ್ಕರೆ ಅದನ್ನು ನೀರಿನಲ್ಲೋ ಹಾಲಿನಲ್ಲೋ ಇಟ್ಟು ಒಯ್ದರೆ ಹಲವು ಸಲ ಅದನ್ನೇ ಮತ್ತೆ ಅಂಟಿಸಬಹುದು. ಸಿಗದಿದ್ದರೆ ಅದು ತುಟಿಯೊಳಗೆ ಹೊಕ್ಕಿರಬಹುದು, ಶ್ವಾಸನಾಳಕ್ಕೂ ಇಳಿದಿರಬಹುದು. ಕೆಮ್ಮು ಬಿಡದಿದ್ದರೆ ಎದೆಯ ಎಕ್ಸ್‌-ರೇ ಬೇಕು. ಮುರಿದಲ್ಲಿ ಕೆಂಪು ಚುಕ್ಕೆ ಕಂಡರೆ ತಿರುಳು ತೆರೆದುಕೊಂಡಿದೆ ಎಂದರ್ಥ. ಸ್ವೀಡನ್ನಿನ ದಂತವೈದ್ಯ ಮಿಯೋಮಿರ್ ಸ್ವೆಕ್ 1978ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮೇಲಿನ ಒಂದೆರಡು ಮಿಲಿಮೀಟರ್ ತಿರುಳನ್ನಷ್ಟೇ ತೆಗೆದು ಔಷಧದಿಂದ ಮುಚ್ಚಿದಾಗ 60 ಹಲ್ಲುಗಳಲ್ಲಿ ಶೇ. 96ರಷ್ಟು ಗುಣವಾದವು. ಹೀಗಾಗಿ ಎಳೆಯರ ಇಂಥ ಹಲ್ಲಿಗೆ ತಟ್ಟನೆ ರೂಟ್ ಕೆನಾಲ್ ಮಾಡಬೇಕಿಲ್ಲ.

ಈಗ ನೋವಿಗೆ ಬರೋಣ; ಹಲ್ಲಿನ ತುರ್ತು ಎಂದರೆ ಬಹುಮಂದಿಗೆ ಇದೇ. ತಿರುಳು ಗಟ್ಟಿ ಗೋಡೆಗಳ ಕೋಣೆಯಲ್ಲಿ ಸಿಕ್ಕಿಕೊಂಡಿರುವ ಮೆದು ಅಂಗಾಂಶ. ಹುಳುಕಿನಿಂದ ಅಲ್ಲಿ ಉರಿಯೂತವಾದರೆ ಊದಿಕೊಳ್ಳಲು ಜಾಗವಿಲ್ಲ, ಒತ್ತಡ ಏರಿ ನರ ಮಿಡಿಯುತ್ತದೆ. ಮಲಗಿದಾಗ ತಲೆಯ ಕಡೆಗಿನ ರಕ್ತದೊತ್ತಡ ಹೆಚ್ಚುವುದರಿಂದ ಈ ನೋವು ರಾತ್ರಿ ಹೊತ್ತು ಉಲ್ಬಣಿಸುತ್ತದೆ. ಕೆಲವು ದಿನಗಳಲ್ಲಿ ತಿರುಳು ಸತ್ತರೆ ನೋವು ಹಠಾತ್ತನೆ ನಿಲ್ಲುತ್ತದೆ, ಜನ ಗುಣವಾಯಿತು ಎಂದುಕೊಳ್ಳುತ್ತಾರೆ. ನಡುವೆ ಔಷಧದಂಗಡಿಯಿಂದ ತಂದ ಎರಡು ದಿನದ ಆಂಟಿಬಯಾಟಿಕ್ ನುಂಗಿದ್ದರೆ ಕೀರ್ತಿಯೆಲ್ಲ ಅದಕ್ಕೆ. ‘ಮಾತ್ರೆ ತಗೊಂಡೆ, ಹೋಯ್ತಲ್ಲ, ರೂಟ್ ಕೆನಾಲ್ ಯಾಕೆ’ ಎಂಬ ವಾದ ಇಲ್ಲಿಂದಲೇ ಹುಟ್ಟುತ್ತದೆ. ಅನುಭವದ ಮಾತಾದ್ದರಿಂದ ಅದಕ್ಕೆ ಬಲ ಹೆಚ್ಚು, ಆದರೆ ಕಾರಣವನ್ನು ಅದು ತಪ್ಪಾಗಿ ಗುರುತಿಸುತ್ತದೆ. ಔಷಧ ಸೋಂಕಿನ ಜಾಗ ತಲುಪುವುದು ರಕ್ತದ ಮೂಲಕ. ಸತ್ತ ತಿರುಳಿನಲ್ಲಿ ರಕ್ತಸಂಚಾರವೇ ಇಲ್ಲ. ಆರೋಗ್ಯವಂತ ವಯಸ್ಕರಿಗೆ ಹಲ್ಲಿನ ನೇರ ಚಿಕಿತ್ಸೆ ಸಿಗುವಂತಿದ್ದರೆ, ತಿರುಳಿನ ನೋವಿಗಾಗಲಿ ಒಂದೇ ಹಲ್ಲಿನ ಬುಡದ ಕೀವಿಗಾಗಲಿ ಆಂಟಿಬಯಾಟಿಕ್ ಬೇಡವೆಂದು ಅಮೆರಿಕದ ದಂತವೈದ್ಯ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿತು. ಕೀವನ್ನು ಹೊರಹಾಕುವುದು, ತಿರುಳನ್ನು ತೆಗೆಯುವುದು, ಇಲ್ಲವೇ ಹಲ್ಲನ್ನೇ ಕೀಳುವುದು ಚಿಕಿತ್ಸೆ. ಜ್ವರ, ಹಬ್ಬುವ ಬಾವು ಇದ್ದಾಗ ಆಂಟಿಬಯಾಟಿಕ್ ಬೇಕೇ ಬೇಕು, ಆಗಲೂ ಅದು ಸಹಾಯಕ ಮಾತ್ರ.

ದಂತವೈದ್ಯರನ್ನು ಕಾಣುವ ತನಕ ನೋವನ್ನು ತಡೆಯಲು ವಯಸ್ಕರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ ಜೊತೆಗೆ ಪ್ಯಾರಸಿಟಮಾಲ್ 500 ಮಿಲಿಗ್ರಾಂ ಕೊಡುವುದು ಈಗಿನ ಮಾರ್ಗಸೂಚಿಗಳ ಮೊದಲ ಆಯ್ಕೆ. ಹಲ್ಲುನೋವಿಗೆ ಇದು ಅಫೀಮು ವರ್ಗದ ಮಾತ್ರೆಗಳಿಗಿಂತ ಕಡಿಮೆಯೇನಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಐಬುಪ್ರೊಫೆನ್ ತೆಗೆದುಕೊಳ್ಳಬಾರದು. ಮಳೆಗಾಲದಲ್ಲಿ ಜ್ವರವೂ ಜೊತೆಗಿದ್ದರೆ ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಬರೀ ಪ್ಯಾರಸಿಟಮಾಲ್ ಸಾಕು, ಏಕೆಂದರೆ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಲವಂಗದ ಎಣ್ಣೆಯನ್ನು ಮೂಢನಂಬಿಕೆ ಎಂದು ತಳ್ಳಬೇಕಿಲ್ಲ: ಅದರಲ್ಲಿರುವ ಯೂಜಿನಾಲ್ ನರವನ್ನು ಕೊಂಚ ಮರಗಟ್ಟಿಸುತ್ತದೆ, ದಂತವೈದ್ಯರ ತಾತ್ಕಾಲಿಕ ಸಿಮೆಂಟಿನಲ್ಲೂ ಅದೇ ಇದೆ. ಹತ್ತಿಯ ತುದಿಗೆ ಒಂದು ಹನಿ ಸಾಕು, ಹೆಚ್ಚಾದರೆ ವಸಡು ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ನೋಯುವ ಹಲ್ಲಿನ ಪಕ್ಕ ಒತ್ತಿಡುವುದು, ಬಾವಿಗೆ ಹೊರಗಿನಿಂದ ಬಿಸಿ ಶಾಖ ಕೊಡುವುದು, ನೆಲಗುಳ್ಳದ ಬೀಜದ ಹೊಗೆ ಹಿಡಿದು ‘ಹುಳ’ ಉದುರಿಸುವುದು ಮಾತ್ರ ಬಿಡಬೇಕಾದವು. ಹುಳುಕು ಹಲ್ಲಿನಲ್ಲಿ ಹುಳ ಇಲ್ಲ.

ಗಂಟೆಗಳ ಲೆಕ್ಕ ಬರುವುದು ಬಾವಿನಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟಿನ ವೈದ್ಯ ಫಾನ್ ಲುಡ್ವಿಗ್ 1836ರಲ್ಲಿ ವರ್ಣಿಸಿದ, ಇಂದಿಗೂ ಅವರ ಹೆಸರಿನಲ್ಲೇ ಕರೆಯುವ ಸೋಂಕು ಇದಕ್ಕೆ ಅತ್ಯಂತ ಭೀಕರ ಉದಾಹರಣೆ. ಕೆಳದವಡೆಯ ಹಿಂದಿನ ದವಡೆಹಲ್ಲುಗಳ ಬೇರಿನ ತುದಿ ನಾಲಿಗೆಯಡಿಯ ಸ್ನಾಯುವಿಗಿಂತ ಕೆಳಗಿರುತ್ತದೆ. ಅಲ್ಲಿ ಕೀವು ಒಳಗಡೆಗೆ ಒಡೆದರೆ ಗದ್ದದಡಿಯ ಎರಡೂ ಬದಿಗೆ ಹಬ್ಬಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ನೂಕಿ ಉಸಿರಿನ ದಾರಿ ಮುಚ್ಚುತ್ತದೆ. ಆಂಟಿಬಯಾಟಿಕ್‌ಗಳು ಬರುವ ಮೊದಲು ಈ ರೋಗ ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾದ ಬಾವು, ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು, ಧ್ವನಿ ಗೊಗ್ಗರಾಗುವುದು, ಮಲಗಿದರೆ ಉಸಿರುಕಟ್ಟಿ ಎದ್ದು ಕೂರುವುದು: ಇವುಗಳಲ್ಲಿ ಒಂದು ಕಂಡರೂ ದಂತ ಚಿಕಿತ್ಸಾಲಯ ಹುಡುಕುತ್ತ ಕೂರದೆ 108ಕ್ಕೆ ಕರೆಮಾಡಿ ದೊಡ್ಡಾಸ್ಪತ್ರೆಗೆ ಹೋಗಬೇಕು. ರೋಗಿಯನ್ನು ಅಂಗಾತ ಮಲಗಿಸಬಾರದು. ಮೇಲ್ದವಡೆಯ ಕೋರೆಹಲ್ಲಿನ ಸೋಂಕಿನಿಂದ ಕಣ್ಣಿನ ಸುತ್ತ ಊದಿಕೊಂಡು ದೃಷ್ಟಿ ಮಸುಕಾದರೂ ಇದೇ ಮಾತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಇಂಥ ಬಾವು ಬೇಗ ಹಬ್ಬುತ್ತದೆ.

ಹಲ್ಲು ಕೀಳಿಸಿದ ಮೇಲಿನ ರಕ್ತಸ್ರಾವ ಹೆಚ್ಚಿನವರು ಹೆದರುವಷ್ಟು ಅಪಾಯದ್ದಲ್ಲ. ಉಗುಳಿನಲ್ಲಿ ಬೆರೆತ ಸ್ವಲ್ಪ ರಕ್ತವೂ ಬಹಳವಾಗಿ ಕಾಣುತ್ತದೆ. ಒದ್ದೆ ಮಾಡಿದ ಗಾಜ್ ತುಂಡನ್ನು ಕುಳಿಯ ಮೇಲಿಟ್ಟು, ಮಧ್ಯೆ ತೆಗೆದು ನೋಡದೆ, ಅರ್ಧ ಗಂಟೆ ಬಿಗಿಯಾಗಿ ಕಚ್ಚಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಪದೇಪದೇ ಉಗುಳುವುದು, ಬಾಯಿ ಮುಕ್ಕಳಿಸುವುದು ಹೆಪ್ಪನ್ನು ಕೀಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಹೃದಯದ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಹಲ್ಲಿನ ಕುಳಿಯ ರಕ್ತಕ್ಕಿಂತ ಮಿದುಳಿಗೆ ಹೋಗುವ ಹೆಪ್ಪು ಅಪಾಯಕಾರಿ.

ತಡೆಯ ವಿಷಯದಲ್ಲಿ ಪೆಟ್ಟಿಗೂ ಹುಳುಕಿಗೂ ದಾರಿ ಬೇರೆ. ಮೇಲಿನ ಮುಂಬಾಚಿಹಲ್ಲುಗಳು ಕೆಳಗಿನವಕ್ಕಿಂತ 3 ಮಿಲಿಮೀಟರಿಗೂ ಹೆಚ್ಚು ಮುಂದೆ ಚಾಚಿದ್ದರೆ ಗಾಯದ ಸಂಭವ ಸುಮಾರು ಇಮ್ಮಡಿ. ಉಬ್ಬುಹಲ್ಲಿಗೆ ತಂತಿ ಹಾಕಿಸುವುದು ಅಂದಕ್ಕಷ್ಟೇ ಅಲ್ಲ ಎನ್ನಲು ಇದು ಕಾರಣ. ಕ್ರೀಡೆಯಲ್ಲಿ ಹಲ್ಲುಗವಚ ಧರಿಸದವರಿಗೆ ಗಾಯದ ಅಪಾಯ ಧರಿಸಿದವರಿಗಿಂತ 1.6ರಿಂದ 1.9 ಪಟ್ಟು ಎಂದು 2007ರ ವಿಶ್ಲೇಷಣೆಯೊಂದು ತೋರಿಸಿತು. ಬಾಕ್ಸಿಂಗಿನಲ್ಲಿ ಅದು ಕಡ್ಡಾಯ. ಆದರೆ ಹಾಕಿಯ ನಾಡಾದ ಕೊಡಗಿನ ಮೈದಾನದಲ್ಲಾಗಲಿ, ಹಳ್ಳಿಗಳ ಕಬಡ್ಡಿ ಅಂಕಣದಲ್ಲಾಗಲಿ ಆಡುವ ಮಕ್ಕಳಿಗೆ ಅದರ ಪರಿಚಯ ಆಗಬೇಕಿದೆ. ದ್ವಿಚಕ್ರ ವಾಹನದಲ್ಲಿ ತಲೆಯ ಮೇಲ್ಭಾಗವನ್ನಷ್ಟೇ ಮುಚ್ಚುವ ಅರ್ಧ ಹೆಲ್ಮೆಟ್ ದಂಡದಿಂದ ಪಾರು ಮಾಡೀತು, ದವಡೆಯನ್ನು ಕಾಯದು. ಗದ್ದ ಮುಚ್ಚುವ ಪೂರ್ಣ ಹೆಲ್ಮೆಟ್ ಎರಡೂ ಕೆಲಸ ಮಾಡುತ್ತದೆ.

ಹುಳುಕಿನ ತಡೆಯಲ್ಲಿ ಎಷ್ಟು ಸಿಹಿ ಎಂಬುದಕ್ಕಿಂತ ಎಷ್ಟು ಸಲ ಎಂಬುದು ಮುಖ್ಯ. ಸಕ್ಕರೆ ತಾಗಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಪಾಚಿ ಆಮ್ಲೀಯವಾಗಿ, ಸಹಜಸ್ಥಿತಿಗೆ ಮರಳಲು ಅರ್ಧದಿಂದ ಒಂದು ಗಂಟೆ ಬೇಕೆಂದು 1940ರ ದಶಕದಲ್ಲಿ ಸಂಶೋಧಕ ರಾಬರ್ಟ್ ಸ್ಟೀಫನ್ ಅಳೆದು ತೋರಿಸಿದರು. ಅದೇ ದಶಕದಲ್ಲಿ ಆರಂಭವಾದ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯ ಪ್ರಯೋಗ, ಊಟದ ನಡುವೆ ತಿನ್ನುವ ಅಂಟು ಮಿಠಾಯಿಯೇ ಅತಿ ಕೆಟ್ಟದ್ದೆಂದು ಸಾಬೀತು ಮಾಡಿತು. ಬುದ್ಧಿಮಾಂದ್ಯರನ್ನು ಅವರ ಒಪ್ಪಿಗೆಯಿಲ್ಲದೆ ಬಳಸಿಕೊಂಡ ಆ ಪ್ರಯೋಗ ನೈತಿಕವಾಗಿ ಅಕ್ಷಮ್ಯ. ಅದರ ಫಲಿತಾಂಶವನ್ನು ಇಂದು ಎಲ್ಲರೂ ಬಳಸುತ್ತಾರೆ. ದಿನಕ್ಕೆ ಆರು ಸಲ ಸಕ್ಕರೆ ಹಾಕಿದ ಕಾಫಿ, ಟೀ ಕುಡಿಯುವವರ ಹಲ್ಲು, ಹಬ್ಬದ ದಿನ ಎಂಟು ಹೋಳಿಗೆ ತಿನ್ನುವವರ ಹಲ್ಲಿಗಿಂತ ಬೇಗ ಹಾಳಾಗುತ್ತದೆ. ಹಾಲಿನ ಬಾಟಲಿ ಬಾಯಲ್ಲೇ ಇಟ್ಟು ಮಲಗುವ ಕೂಸಿನ ಮುಂಬಾಚಿಹಲ್ಲುಗಳಿಗೂ ಅದೇ ಗತಿ. ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದು ಇದಕ್ಕೆ ಸಾಬೀತಾದ ರಕ್ಷಣೆ. ಬೆಳಗಿನದನ್ನು ನಮ್ಮವರು ಬಿಡುವುದಿಲ್ಲ, ರಾತ್ರಿಯದನ್ನು ಹಿಡಿಯುವುದಿಲ್ಲ.

ಕರ್ನಾಟಕದಲ್ಲಿ ಫ್ಲೋರೈಡ್ ಎಂದೊಡನೆ ಬರುವ ಆಕ್ಷೇಪಣೆಗೆ ಕಾರಣವಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ರಾಯಚೂರು, ಗದಗ ಕಡೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ನೀರಿಲ್ಲದಿದ್ದಾಗ 1.5 ಗರಿಷ್ಠ. ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಾಗಿದ ಬೆನ್ನು ಸುಳ್ಳಲ್ಲ. ಆದರೆ ಆ ಹಾನಿ ಬರುವುದು ವರ್ಷಗಟ್ಟಲೆ ನುಂಗಿದ ಫ್ಲೋರೈಡಿನಿಂದ. ಪೇಸ್ಟಿನದ್ದು ಹಲ್ಲಿನ ಮೇಲ್ಮೈಗೆ ತಾಗಿ ಉಗುಳಿಗೆ ಹೋಗುವಂಥದು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಹಚ್ಚಿ ದೊಡ್ಡವರು ಎದುರು ನಿಂತು ಉಗುಳಿಸಿದರೆ ನುಂಗುವುದು ನಗಣ್ಯ. ಆ ಊರುಗಳಿಗೆ ಮೊದಲು ಬೇಕಾದದ್ದು ಶುದ್ಧ ನೀರು ಎಂಬುದರಲ್ಲಿ ಎರಡು ಮಾತಿಲ್ಲ. ಪೇಸ್ಟ್ ಬಿಟ್ಟುಬಿಡುವುದರಿಂದ ನೀರಿನ ಸಮಸ್ಯೆ ತೀರುವುದಿಲ್ಲ.

ಕೊನೆಯ ಆಕ್ಷೇಪಣೆ ಹಣದ್ದು, ದೂರದ್ದು. ತಿಳಿವಳಿಕೆ ಇದ್ದು ಏನು ಪ್ರಯೋಜನ, ರೂಟ್ ಕೆನಾಲಿಗೂ ಕ್ಯಾಪಿಗೂ ಸಾವಿರಗಟ್ಟಲೆ ಬೇಕಲ್ಲ ಎಂಬ ಕೂಲಿಕಾರನ ಮಾತಿಗೆ ಉಪದೇಶ ಉತ್ತರವಾಗದು. ಬಡವರು ತಡಮಾಡುವುದು ಅಜ್ಞಾನದಿಂದಲೇ ಅಲ್ಲ, ಒಂದು ದಿನದ ಕೂಲಿ ಬಿಟ್ಟು ಹೋಗಲಾರದೆ. ಆದರೆ ಈ ವಾದವೂ ಕೊನೆಗೆ ತಡೆಯ ಪರವಾಗಿಯೇ ನಿಲ್ಲುತ್ತದೆ. ಫ್ಲೋರೈಡ್ ಪೇಸ್ಟ್, ಹುಳುಕನ್ನು ಕೊರೆಯದೆಯೇ ನಿಲ್ಲಿಸುವ ಸಿಲ್ವರ್ ಡೈಅಮೈನ್ ಫ್ಲೋರೈಡ್, ಗ್ಲಾಸ್ ಅಯೊನೊಮರ್ ಸಿಮೆಂಟ್ ಇವು ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸಿಲ್ವರ್ ದ್ರಾವಣದ ಒಂದು ಹನಿ ಹಚ್ಚಿದರೆ ಹುಳುಕು ಕಪ್ಪಾಗುತ್ತದೆ, ಅದೊಂದೇ ಅದರ ಕೊರತೆ; ಹಿಂದಿನ ಹಾಲುಹಲ್ಲಿಗೆ ಅದು ಲೆಕ್ಕಕ್ಕಿಲ್ಲ. ಇದಕ್ಕೆ ವಿದ್ಯುತ್ತೂ ಬೇಡ, ಹಲ್ಲು ಕೊರೆಯುವ ಯಂತ್ರವೂ ಬೇಡ, ಅಂಗನವಾಡಿಯ ಜಗಲಿಯಲ್ಲೇ ಹಚ್ಚಬಹುದು. ನಮ್ಮ ರಾಜ್ಯದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತದೆ. ಅದು ಒಳ್ಳೆಯ ಕೆಲಸವೇ. ಆದರೆ ಹಲ್ಲೆಲ್ಲ ಹೋದ ಮೇಲೆ ಆರಂಭವಾಗುವ ಕೆಲಸ.

ಬೆಂಗಳೂರು ನಗರದ ಶಾಲೆಗಳ ದೈಹಿಕ ಶಿಕ್ಷಕರನ್ನು ಕುರಿತು 2009ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಹಲ್ಲಿನ ಗಾಯದ ಪ್ರಥಮ ಚಿಕಿತ್ಸೆಯ ಬಗ್ಗೆ ಅವರ ತಿಳಿವಳಿಕೆ ಸಾಲದೆಂದು ಕಂಡುಕೊಂಡಿತು. ತಪ್ಪು ಅವರದ್ದಲ್ಲ, ಕಲಿಸಿದವರಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜೂ ಸೇರಿದಂತೆ ದಂತ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿಯಲ್ಲಿದೆ, ಆದರೆ ಅವುಗಳ ಹೊರರೋಗಿ ವಿಭಾಗ ನಡೆಯುವುದು ಹೆಚ್ಚಾಗಿ ಹಗಲಿನಲ್ಲಿ. ಸಂಜೆ ಆರರ ಕಬಡ್ಡಿಯಲ್ಲಿ ಕಿತ್ತುಬಂದ ಹಲ್ಲು ಹೋಗಿ ತಲುಪುವುದು ತಾಲ್ಲೂಕು ಆಸ್ಪತ್ರೆಯ ತುರ್ತು ಘಟಕದಲ್ಲಿ ಕೂತ ಎಂಬಿಬಿಎಸ್ ವೈದ್ಯರ ಮೇಜಿಗೆ. ಹಲ್ಲನ್ನು ಕುಳಿಗೆ ಕೂರಿಸಿ, ಬೇರೇನೂ ಇಲ್ಲದಿದ್ದರೆ ಒಂದು ಹೊಲಿಗೆಯ ದಾರವನ್ನು ಅದರ ಮೇಲಿಂದ ಹಾಯಿಸಿ ಬೆಳಗಿನವರೆಗೆ ನಿಲ್ಲಿಸುವುದನ್ನು ಆ ವೈದ್ಯರಿಗೆ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಹಲ್ಲು ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಹೊತ್ತು ಒಣಗಿತ್ತು, ಯಾವುದರಲ್ಲಿ ತಂದರು ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಕಳಿಸಿದರೆ, ಮರುದಿನ ನೋಡುವ ದಂತವೈದ್ಯರು ಮುಂದಿನ ಚಿಕಿತ್ಸೆಯನ್ನು ಅದರ ಮೇಲೆಯೇ ನಿರ್ಧರಿಸುತ್ತಾರೆ.